ಸಾಲಿ ವ್ಯಾನಿನ ಹುಲುಗೇಶ್

ಮಕ್ಕಳನ್ನು ಶಾಲೆಗೆ ಬಿಟ್ಟು, ಕುರುಗೋಡಿನ ಬಸ್ ನಿಲ್ದಾಣದ ಹತ್ತಿರ ಹುಲುಗೇಶ್ ವ್ಯಾನಿನ ಗಾಜು ಒರೆಸುತ್ತಿದ್ದ. ಹಿಂದಿನಿಂದ ಯಾರೋ ಹೆಗಲ ಮೇಲೆ ಕೈಯಿಟ್ಟರು.

“ಏನ್ಲೇ ಹುಲುಗ, ಗುರ್ತ ಸಿಗಲಿಲ್ಲೇನು?”

ತಿರುಗುವ ಮೊದಲೇ ದನಿ ಗುರುತಾಯಿತು. ಎರ್ರಣ್ಣ. ಹುಲುಗೇಶನ ಕೈಯಲ್ಲಿದ್ದ ಬಟ್ಟೆ ಗಾಜಿನ ಮೇಲೆ ಹಾಗೇ ನಿಂತಿತು.

ಬಳ್ಳಾರಿಯಲ್ಲಿ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಹುಲುಗೇಶ್ ಈ ಎರ್ರಣ್ಣನ ಬೆನ್ನಿಗೇ ಇರುತ್ತಿದ್ದ. ಒಂದು ಸಂಜೆ ಕಂಟೋನ್ಮೆಂಟಿನ ಚಹಾದಂಗಡಿ ಎದುರು ಲಾರಿ ನಿಲ್ಲಿಸುವ ಜಾಗಕ್ಕೆ ಜಗಳ ಹತ್ತಿತು. ಎರ್ರಣ್ಣ “ಹಾಕಲೇ ಅವಂಗ” ಎಂದ, ಹುಲುಗೇಶ್ ರಾಡು ಬೀಸಿದ. ಎದುರಿಗಿದ್ದ ಕ್ಲೀನರ್ ಬದುಕಿಕೊಂಡ, ಆದರೆ ಅವನ ಬಲಗೈ ಮತ್ತೆ ಮೇಲೇಳಲಿಲ್ಲ. ಇಬ್ಬರಿಗೂ ಶಿಕ್ಷೆಯಾಯಿತು. ‘ಅವ ಹೇಳಿದ, ನಾನು ಹೊಡೆದೆ’ ಎಂದು ಜೈಲಿನ ಮೊದಲ ವರ್ಷ ಹುಲುಗೇಶ್ ಅಂದುಕೊಳ್ಳುತ್ತಿದ್ದ. ಆಮೇಲೆ ‘ನಾನು ಹೊಡೆದೆ’ ಎಂಬುದಷ್ಟೇ ಉಳಿಯಿತು.

ಹೊರಗೆ ಬಂದ ಮೇಲೆ ಬಳ್ಳಾರಿ ಬಿಟ್ಟ. ಎಲ್ಲ ತಿಳಿದೇ ಕೈಹಿಡಿದ ರೇಣುಕಾ ಜೊತೆ ಕುರುಗೋಡಿಗೆ ಬಂದು ಬಾಡಿಗೆ ಮನೆ ಮಾಡಿದ. ಇಲ್ಲಿನ ಒಂದು ಖಾಸಗಿ ಶಾಲೆಯ ವ್ಯಾನಿಗೆ ಚಾಲಕ ಬೇಕಾಗಿದ್ದ. ಇಷ್ಟು ದಿನ ಎಲ್ಲಿದ್ದೆ ಎಂದು ಶಾಲೆಯವರು ಕೇಳಿದಾಗ “ಗುಂತಕಲ್ ಕಡೆ ಲಾರಿ ಮೇಲಿದ್ದೆ” ಎಂದಿದ್ದ. ಆ ಒಂದು ಸುಳ್ಳಿನ ಮೇಲೆ ಮೂರು ವರ್ಷದ ಬದುಕು ನಿಂತಿತ್ತು.

“ಚಲೋ ಕೆಲ್ಸ ಹಿಡ್ದೀ,” ಎರ್ರಣ್ಣ ವ್ಯಾನಿನ ಮೈಮೇಲೆ ಬರೆದಿದ್ದ ಶಾಲೆಯ ಹೆಸರಿನ ಮೇಲೆ ಬೆರಳಾಡಿಸಿದ. “ಮುಂಜಾನಿಂದ ಸಂಜಿತನ ಖಾಲೀನ ನಿಂತಿರ್ತೈತಲ್ಲ ಇದು. ಸಿರುಗುಪ್ಪದಾಗ ಒಂದು ಮನಿ ಐತಿ. ಅಲ್ಲಿಂದ ಚೀಲ ತಗಂಡು ಬಳ್ಳಾರಿ ಗಾಂಧಿನಗರಕ್ಕ ಮುಟ್ಸಬೇಕು. ಸಾಲಿ ವ್ಯಾನು ಯಾವ ಪೊಲೀಸ ತಡೀತಾನಲೇ?”

ಚೀಲದಲ್ಲಿ ಏನಿದೆ ಎಂದು ಹುಲುಗೇಶ್ ಕೇಳಲಿಲ್ಲ. ಎರ್ರಣ್ಣನ ಅಂಗಿಯಿಂದ ಗಾಂಜಾದ ವಾಸನೆ ಬರುತ್ತಿತ್ತು.

“ಆಗಂಗಿಲ್ಲಣ್ಣ. ಮಕ್ಳು ಕುಂದ್ರೋ ಗಾಡಿ ಇದು.”

“ಆ ಮಕ್ಳ ತಾಯಿ-ತಂದಿಗೆ ಗೊತ್ತೈತೇನು, ಗಾಡಿ ಹೊಡಿಯಾವ ಯಾರಂತ?” ಎರ್ರಣ್ಣ ನಕ್ಕ. “ನಾಳಿ ಬರ್ತೀನಿ. ನೀ ಹೂಂ ಅನ್ನು, ಇಲ್ಲಾಂದ್ರ ನಾನ ಹೇಳ್ತೀನಿ.”

ಆ ರಾತ್ರಿ ಮನೆಯಲ್ಲಿ ಹುಲುಗೇಶ್ ತಟ್ಟೆಯ ಮುಂದೆ ಕೂತ, ಊಟ ಮಾಡಲಿಲ್ಲ. ಎರ್ರಣ್ಣ ಬಂದದ್ದನ್ನು ಹೇಳಿ, ಊರು ಬಿಟ್ಟು ಹೋಗೋಣವೇ ಎಂದ.

“ಎಲ್ಲಿಗೆ?” ರೇಣುಕಾ ಕೇಳಿದಳು. “ಹೋದ ಕಡಿಗೆಲ್ಲ ಅವ ಬರ್ತಾನ. ಅವನ ಕೈಯಾಗಿರೋದು ಒಂದ ಮಾತು. ಅದನ್ನ ನೀವ ಮೊದ್ಲು ಆಡಿಬಿಡ್ರಿ.”

“ಕೆಲ್ಸ ಹೋಗ್ತೈತಿ.”

“ಹೋಗ್ಲಿ.” ಹಾಗೆಂದು ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದಳು.

ಬೆಳಿಗ್ಗೆ ಪಕ್ಕದ ಹಳ್ಳಿ ಬಾದನಹಟ್ಟಿಯ ಹಾದಿ ಹಿಡಿದಾಗ ಹಿಂದೆ ಒಂದು ಬೈಕು ಬಂತು. ಕನ್ನಡಿಯಲ್ಲಿ ಎರ್ರಣ್ಣನ ಮುಖ. ಹುಲುಗೇಶ್ ವೇಗ ತಗ್ಗಿಸಿದರೆ ಬೈಕೂ ತಗ್ಗಿತು, ಜೋರು ಮಾಡಿದರೆ ಅದೂ ಜೋರಾಯಿತು. ಬಾದನಹಟ್ಟಿಯಲ್ಲಿ ಮಕ್ಕಳನ್ನು ಹತ್ತಿಸಲು ತಾಯಂದಿರು, ಅಜ್ಜಂದಿರು ನಿಂತಿದ್ದರು. ಎರ್ರಣ್ಣ ಸ್ವಲ್ಪ ದೂರದಲ್ಲಿ ಬೈಕು ನಿಲ್ಲಿಸಿ ನೋಡುತ್ತಾ ಕೂತ.

ಹುಲುಗೇಶ್ ಎಂಜಿನ್ ಆಫ್ ಮಾಡಿ ಕೆಳಗಿಳಿದ.

“ಮಕ್ಳನ್ನ ಹತ್ಸೋಕಿಂತ ಮೊದ್ಲು ಒಂದು ಮಾತು ಕೇಳ್ರಿ. ನಾನು ಜೈಲಿಗೆ ಹೋಗಿಬಂದಾವ ಅದೀನಿ. ಒಬ್ಬ ಮನುಷ್ಯಾನ ಕೈ ಮುರ್ದೀನಿ. ನಿಮಗ ಹೇಳದ ಮುಚ್ಚಿಟ್ಟಿದ್ದೆ.”

ಹತ್ತಲು ಕಾಲೆತ್ತಿದ್ದ ಮೊಮ್ಮಗಳನ್ನು ಎಲ್ಲಮ್ಮ ರೆಟ್ಟೆ ಹಿಡಿದು ಹಿಂದಕ್ಕೆಳೆದಳು. ಮೂರು ವರ್ಷದಿಂದ ದಿನಾ ಅವನಿಗೆ ನೀರಿನ ತಂಬಿಗೆ ಕೊಡುತ್ತಿದ್ದವಳು ಅವಳು. ವಯಸ್ಸಾದ ಪಾಲಯ್ಯ ಒಂದು ಹೆಜ್ಜೆ ಮುಂದೆ ಬಂದ.

“ಇವತ್ತ್ಯಾಕ ಹೇಳಾಕತ್ತೀಯಪ?”

“ಅಲ್ಲಿ ಬೈಕಿನ ಮ್ಯಾಲೆ ಕುಂತಾನಲ್ಲ, ಅವ ಈ ಗಾಡ್ಯಾಗ ಗಾಂಜಾ ಸಾಗ್ಸು ಅಂತಾನ. ಒಲ್ಲೆ ಅಂದ್ರ ನಿಮಗೆಲ್ಲ ಹೇಳ್ತೀನಿ ಅಂದ. ಅದಕ್ಕ ನಾನ ಹೇಳಿದೆ.”

ಎಲ್ಲರ ತಲೆಗಳೂ ಒಟ್ಟಿಗೆ ಆ ಕಡೆ ತಿರುಗಿದವು. ಎರ್ರಣ್ಣ ಬೈಕು ಶುರು ಮಾಡಿ ಧೂಳೆಬ್ಬಿಸಿಕೊಂಡು ಹೋದ. ಆ ದಿನ ಬಾದನಹಟ್ಟಿಯಿಂದ ವ್ಯಾನು ಹತ್ತಿದವರು ಪಾಲಯ್ಯನ ಇಬ್ಬರು ಮೊಮ್ಮಕ್ಕಳು ಮಾತ್ರ. ಪಾಲಯ್ಯ ತಾನೂ ಅವರ ಪಕ್ಕ ಕೂತು ಶಾಲೆಯವರೆಗೂ ಬಂದ. ನಂಬಿ ಬಂದನೋ, ಕಾವಲಿಗೆ ಬಂದನೋ, ಹುಲುಗೇಶ್ ಕೇಳಲಿಲ್ಲ.

ಶಾಲೆಯ ಮುಖ್ಯಸ್ಥ ವಿರೂಪಾಕ್ಷಿ ಪೂರ್ತಿ ಕೇಳಿಸಿಕೊಂಡರು. “ನಿನ್ನ ಮ್ಯಾಲೆ ನಂಗ ಸಿಟ್ಟಿಲ್ಲ. ಆದ್ರ ನಾಳಿಂದ ಗಾಡಿ ನಿನ್ನ ಕೈಯಾಗ ಕೊಡಾಕ ಆಗಂಗಿಲ್ಲ,” ಎಂದು ಕೀಲಿಗಾಗಿ ಕೈ ಚಾಚಿದರು.

ಅಲ್ಲಿಂದ ಹುಲುಗೇಶ್ ನೇರ ಪೊಲೀಸ್ ಠಾಣೆಗೆ ನಡೆದ. ಮೆಟ್ಟಿಲು ಹತ್ತಿ ಹೋಗಿ ಎಲ್ಲವನ್ನೂ ಹೇಳಿದ. ಒಳಗೆ ಇನ್ಸ್‌ಪೆಕ್ಟರ್ ಮೊದಲು ಕೇಳಿದ್ದು ಎರ್ರಣ್ಣನ ಬಗ್ಗೆ ಅಲ್ಲ. “ಪಾಲು ಎಷ್ಟು ಅಂತ ಜಗಳ ಆತೇನು ಇಬ್ರಿಗೂ?” ಎಂದರು. ಅವನನ್ನು ಬೆಂಚಿನ ಮೇಲೆ ಕೂರಿಸಿ, ಕೇಳಿದ್ದನ್ನೇ ತಿರುಗಿಸಿ ತಿರುಗಿಸಿ ಕೇಳಿದರು. ಬಾಗಿಲ ಕಂಬಿ ಸದ್ದಾದಾಗಲೆಲ್ಲ ಅವನು ಅತ್ತ ತಿರುಗಿ ನೋಡುತ್ತಿದ್ದ. ಎದ್ದು ಓಡಬೇಕೆನಿಸಿದರೂ ಕೂತ, ಕೇಳಿದ್ದಕ್ಕೆಲ್ಲ ಅದೇ ಉತ್ತರ ಕೊಟ್ಟ. ಸಂಜೆ ಹೊತ್ತಿಗೆ ಸಿರುಗುಪ್ಪದಿಂದ ಫೋನು ಬಂತು. ಹುಲುಗೇಶ್ ಹೇಳಿದ ಗುರುತಿನ ಮೇಲೆ ಎರ್ರಣ್ಣ ಸಿಕ್ಕಿದ್ದ, ಅವನು ಇಳಿದುಕೊಂಡಿದ್ದ ಮನೆಯಲ್ಲಿ ಚೀಲಗಳೂ ಸಿಕ್ಕಿದ್ದವು. ಇನ್ಸ್‌ಪೆಕ್ಟರ್ ಅವನತ್ತ ನೋಡಿ, “ಹೋಗು. ಕರ್ದಾಗ ಬಾ,” ಎಂದರು. ಹೊರಗೆ ರೇಣುಕಾ ಕಾಯುತ್ತಿದ್ದಳು. ಅವನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡಳು.

ಅದಾದ ಮೇಲೆ ಒಂದು ಸುಗ್ಗಿ ಪೂರ್ತಿ ಹುಲುಗೇಶ್ ಭತ್ತದ ಗದ್ದೆಗಳಲ್ಲಿ ಕೂಲಿಗೆ ಟ್ರ್ಯಾಕ್ಟರ್ ಓಡಿಸಿದ. ಬಾಡಿಗೆ ಮನೆ ಬಿಡಬೇಕಾಯಿತು. ಕೆಲವರು ಅವನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಪಾಲಯ್ಯ ಹುಡುಕಿಕೊಂಡು ಬಂದ. ಬಾದನಹಟ್ಟಿಯ ಕೆಲವು ಮನೆಯವರು ಸೇರಿ ಮಕ್ಕಳಿಗಾಗಿ ಒಂದು ಆಟೋ ಗೊತ್ತು ಮಾಡಿದ್ದರು.

“ಓಡ್ಸಾಕ ನೀ ಬಾ.”

“ಎಲ್ಲಾರೂ ಒಪ್ಯಾರೇನು ಯಜಮಾನ?”

“ಇಲ್ಲ. ಎಲ್ಲಮ್ಮ ಒಲ್ಲೆ ಅಂದ್ಲು, ಆಕಿ ಮೊಮ್ಮಗಳು ಬಸ್ಸಿಗೆ ಹೋಗ್ತಾಳ. ಒಪ್ಪಿದೋರ ಮಕ್ಳನ್ನ ಕರ್ಕಂಡು ಹೋಗು.”

ಈಗ ದಿನಾ ಬೆಳಿಗ್ಗೆ ಹುಲುಗೇಶನ ಆಟೋ ಎಲ್ಲಮ್ಮನ ಮನೆಯ ಮುಂದೆಯೇ ಹಾದುಹೋಗುತ್ತದೆ. ಅವಳು ಬಾಗಿಲಲ್ಲಿದ್ದರೆ ಅವನು ತಲೆಬಾಗಿ ನಮಸ್ಕರಿಸುತ್ತಾನೆ. ಕೆಲವು ದಿನ ಅವಳು ಒಳಗೆ ಹೋಗಿಬಿಡುತ್ತಾಳೆ, ಕೆಲವು ದಿನ ಅಲ್ಲೇ ನಿಂತು ನೋಡುತ್ತಾಳೆ.