ಸುಳ್ಳು ಹೇಳಿದ ಕೆಂಪು ದೀಪ

ಬೈಲಹೊಂಗಲದ ಯಮನಪ್ಪ ಹುಣಸೀಕಟ್ಟಿಗೆ ಸಿಟ್ಟು ಬಂದರೆ ಊರಿನ ಟ್ರಾನ್ಸ್‌ಫಾರ್ಮರುಗಳೆಲ್ಲ ಉಸಿರು ಬಿಗಿಹಿಡಿಯುತ್ತಿದ್ದವು ಎನ್ನುವವರಿದ್ದಾರೆ. ಅದು ಉತ್ಪ್ರೇಕ್ಷೆ. ಬಿಗಿಹಿಡಿಯುತ್ತಿದ್ದುದು ಬಸ್ ಸ್ಟ್ಯಾಂಡಿನ ಹತ್ತಿರದ್ದು ಒಂದೇ.

ಸುಟ್ಟ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಇಪ್ಪತ್ತು ವರ್ಷ ಸುತ್ತಿದ್ದನ್ನೆಲ್ಲ ಬಿಚ್ಚಿ ಎಳೆದಿದ್ದರೆ ಸವದತ್ತಿಯ ಗುಡ್ಡಕ್ಕೆ ಏಳು ಸುತ್ತು ಬಂದು, ಮಿಕ್ಕಿದ್ದರಲ್ಲಿ ಇಡೀ ಓಣಿ ಬಟ್ಟೆ ಒಣಗಿಸಬಹುದಿತ್ತು. ಅವನ ಕೈಯಿಂದ ಹೋದ ಕೆಲಸ ತಿರುಗಿ ಅವನ ಅಂಗಡಿಗೆ ಬಂದದ್ದಿಲ್ಲ. ಅದೊಂದು ಮಾತಿನ ಮೇಲೆಯೇ ಅವನು ತಲೆಯೆತ್ತಿ ನಡೆಯುತ್ತಿದ್ದ.

ಅಂಥವನ ಹೆಸರು ೨೦೦೩ರ ದೀಪಾವಳಿಗೆ ನಾಲ್ಕು ದಿನ ಮೊದಲು ಒಂದು ಹಲಗೆಯ ಮೇಲೆ ಬಂತು. ಹತ್ತಿ ಪೇಟೆಗೆ ಹೋಗುವ ದಾರಿಯಲ್ಲಿ ದಿಗಂಬರ ಕುಲಕರ್ಣಿಯ ಟೈಪಿಂಗ್ ಸೆಂಟರು. ಅದರ ಬಾಗಿಲಲ್ಲಿ ತೂಗುತ್ತಿದ್ದ ಕರಿಹಲಗೆ ಹೀಗೆನ್ನುತ್ತಿತ್ತು: “ಯಮನಪ್ಪ ಹುಣಸೀಕಟ್ಟಿಯವರು ಕೂಡಿಸಿದ ಸ್ವಿಚ್ಚಿನಿಂದ ನಮ್ಮ ಕಂಪ್ಯೂಟರ್ ಸುಟ್ಟಿದೆ. ಗ್ರಾಹಕರು ಸಹಕರಿಸಬೇಕು.”

ಸ್ವಿಚ್ಚು ಕೂಡಿಸಿದ್ದೇನೋ ನಿಜ. ಹಂಗಾಮು ಬಂತೆಂದರೆ ಆ ದಾರಿಯಲ್ಲಿ ಗಾಳಿಗಿಂತ ಅರಳೆಯೇ ಹೆಚ್ಚು. ಕಂಪ್ಯೂಟರಿನ ಡಬ್ಬಿಯ ಹಿಂದೆ, ಒಳಗಿನ ಬಿಸಿಯನ್ನು ಹೊರಗೆ ದಬ್ಬಲು ಅಂಗೈಯಗಲದ ಫ್ಯಾನಿರುತ್ತದಲ್ಲ, ಅದು ತಿರುಗಿದಂತೆಲ್ಲ ಮುಂದಿನ ಕಿಂಡಿಗಳಿಂದ ಅರಳೆ ಒಳಗೆ ಬರುತ್ತಿತ್ತು. ಹೋದ ವರ್ಷ ಡಬ್ಬಿ ತೆರೆದಾಗ ಸಿಕ್ಕ ಅರಳೆಯಲ್ಲಿ ಇಬ್ಬರು ಮಲಗುವ ಗಾದಿ ತುಂಬಬಹುದಿತ್ತು. ಅದಕ್ಕೇ ಯಮನಪ್ಪ ಫ್ಯಾನಿನ ತಂತಿಯ ನಡುವೆ ಒಂದು ಸ್ವಿಚ್ಚು ಕೂಡಿಸಿದ. ಹತ್ತಿ ಗಾಡಿಗಳು ಹಾಯುವಾಗ ಫ್ಯಾನು ಆರಿಸಿ, ಹೋದ ಮೇಲೆ ಹಚ್ಚಬೇಕು. ಹಚ್ಚಿದ್ದು ಗೊತ್ತಾಗಲಿ ಎಂದು ಡಬ್ಬಿಯ ಮುಂದೆ ಕಡಲೆಕಾಳಿನಷ್ಟು ಕೆಂಪು ದೀಪ. ಈ ಕೈಚಳಕದ ಸುದ್ದಿ ಕಿತ್ತೂರು, ಸವದತ್ತಿ, ರಾಮದುರ್ಗ ಮುಟ್ಟಿ, ಒಟ್ಟು ಹದಿನಾಲ್ಕು ಡಬ್ಬಿಗಳ ಹಣೆಯ ಮೇಲೆ ಅವನ ದೀಪ ಉರಿಯುತ್ತಿತ್ತು.

ಹಲಗೆ ಓದಿದ ಯಮನಪ್ಪ ಸ್ಕ್ರೂಡ್ರೈವರ್ ಹಿಡಿದೇ ಒಳಗೆ ನುಗ್ಗಿದ.

“ಕುಲಕರ್ಣ್ಯಾರ, ಮೊದಲ ಆ ಹಲಗಿ ಇಳಸ್ರಿ!”

“ಯಾಕ ಇಳಸ್ಲಿ? ಬರದದ್ದರಾಗ ಸುಳ್ಳೇನದ?”

“ನನ್ನ ಸ್ವಿಚ್ ಸುಡೂವಂಥಾದ್ದಲ್ಲ. ನೀವು ಫ್ಯಾನ್ ಹಚ್ಚೂದ ಮರತೀರಿ!”

“ನಾ ಮರೀತೀನೇನು? ದಿನಾ ಮುಂಜಾನೆ ಆ ದೀಪ ಹತ್ತಿದ ಮ್ಯಾಲೆ ಅದಕ್ಕ ಕೈ ಮುಗದೇ ಕೂಡಾಂವ ನಾನು. ಸುಟ್ಟ ದಿನಾನೂ ಉರೀಲಿಕತ್ತಿತ್ತು!”

ಯಮನಪ್ಪ ಡಬ್ಬಿಯನ್ನು ತಿರುಗಿಸಿ ತಗಡು ಬಿಚ್ಚಿದ. ಅಷ್ಟರಲ್ಲಿ ಬಾಗಿಲ ತುಂಬ ಜನ. ಫ್ಯಾನಿನ ರೆಕ್ಕೆಗಳ ನಡುವೆ ಒಣಗಿದ ಕಡ್ಡಿಯೊಂದು ಎಲೆ ಸಮೇತ ಸಿಕ್ಕಿಕೊಂಡಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಇದೇನ್ರಿ ಇದು?”

“ಬನ್ನಿ,” ಎಂದ ದಿಗಂಬರನ ದನಿ ಸ್ವಲ್ಪ ಇಳಿದಿತ್ತು. “ದಸರಾದಾಗ ಮಂದಿಗೆಲ್ಲ ಬಂಗಾರ ಅಂತ ಬನ್ನಿ ಕೊಡ್ತೀವಿ. ಅನ್ನ ಹಾಕೂ ಮಷೀನಿಗೆ ಕೊಡದ ಬಿಡ್ಲಿಕ್ಕಾಗ್ತದೇನು? ಹಿಂದ ಫ್ಯಾನಿನ ಜಾಳಗಿಯೊಳಗ ಸಿಗಿಸಿದ್ದೆ.”

“ಬಂಗಾರ ಕೊಡಾಕ ಅದರ ಮೂಗಿನ ಹೊಳ್ಳೀನ ಸಿಕ್ತ ನಿಮಗ? ನಿಮ್ಮ ಮೂಗಿನಾಗ ಗಿಡ ತುರಕಿದರ ನೀವರ ಉಸರಾಡತೀರೇನು!”

ಜನ ಘೊಳ್ಳೆಂದರು. ಆ ಕ್ಷಣ ಯಮನಪ್ಪ ನಾಲ್ಕು ಗೇಣು ಬೆಳೆದು, ಅವನ ತಲೆ ಹಂಚಿಗೆ ತಾಗಿತು. ಆಗ ಬಾಗಿಲ ಬಳಿ ಶೇಂಗಾ ಮಾರುವ ರಾಚವ್ವ ಕುಳಿತಲ್ಲಿಂದಲೇ ಕೇಳಿದಳು:

“ತಮ್ಮಾ ಯಮನಪ್ಪ, ಆ ದೀಪ ಯಾಕ ಹಾಕಿದ್ದೆಪಾ?”

“ಫ್ಯಾನ್ ತಿರಗಾಕತ್ತೈತಿ ಅಂತ ಗೊತ್ತಾಗ್ಲಿ ಅಂತ, ಬೇ.”

“ಫ್ಯಾನ್ ನಿಂತಿತ್ತಲ್ಲ. ಮತ್ತ ಅದ್ಯಾಕ ಉರೀತು?”

ಯಮನಪ್ಪ ಬಗ್ಗಿ ಡಬ್ಬಿಯೊಳಗೆ ನೋಡಿದ. ಸ್ವಿಚ್ಚು ದಾಟಿದ ತಂತಿ ಎರಡಾಗಿ ಒಡೆದು, ಒಂದು ಫ್ಯಾನಿಗೆ, ಒಂದು ದೀಪಕ್ಕೆ ಹೋಗಿತ್ತು. ಸ್ವಿಚ್ಚು ಹಾಕಿದರೆ ದೀಪ ಉರಿಯಲೇಬೇಕು. ಪಕ್ಕದ ಫ್ಯಾನು ತಿರುಗಿತೋ ಸತ್ತಿತೋ ಅದಕ್ಕೇನು ಗೊತ್ತು? ಕರೆಂಟು ಬಂದರೂ ತಿರುಗಲಾರದೆ ಸುಟ್ಟ ಸಾವಿರ ಮೋಟಾರುಗಳ ಹೊಟ್ಟೆ ಕೊಯ್ದವನು ಅವನು. ಈ ತಾಲೂಕಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಅವನಿಗೆ ಗೊತ್ತಿರಬೇಕಿತ್ತು.

ಸಿಟ್ಟು ದಿಗಂಬರನನ್ನು ಬಿಟ್ಟು ಯಮನಪ್ಪನ ಮೇಲೆಯೇ ಏರಿ ಕುಳಿತಿತು. ಕಿವಿಗಳು ಎಷ್ಟು ಕೆಂಪಾದವೆಂದರೆ ಅವುಗಳಿಂದ ಬೀಡಿ ಹಚ್ಚಿಕೊಳ್ಳಬಹುದಿತ್ತು. ದೀಪವನ್ನು ತಂತಿ ಸಮೇತ ಕಿತ್ತು ಕಿಸೆಗೆ ಹಾಕಿದ. ಹೊರಗೆ ಬಂದು, ಹಲಗೆಯ ಮೇಲಿನ “ಸ್ವಿಚ್ಚಿನಿಂದ” ಎಂಬುದನ್ನು ಅಂಗೈಯಿಂದ ಒರೆಸಿ “ದೀಪದಿಂದ” ಎಂದು ಬರೆದ.

“ಇರ್ಲಿ ಬಿಡೋ,” ಎಂದು ದಿಗಂಬರ ಹಲಗೆಗೆ ಕೈ ಹಾಕಿದ. “ನನ್ನ ಬನ್ನೀದೂ ತಪ್ಪದ. ಇಳಸ್ತೀನಿ.”

“ಮುಟ್ಟಬ್ಯಾಡ್ರಿ! ಬನ್ನಿ ಸುದ್ದಿ ಬೇಕಾದರ ಕೆಳಗ ಬರಕೋರಿ. ಸ್ವಿಚ್ಚಿನ ಹೆಸರ ಮಾತ್ರ ಕೆಡಸಬ್ಯಾಡ್ರಿ, ಅದು ಏನೂ ಮಾಡಿಲ್ಲ!”

ಮರುದಿನ ಮೊದಲ ಬಸ್ಸಿಗೆ ಹೊರಟ. ಉಳಿದ ಹದಿಮೂರು ದೀಪ ಕಿತ್ತು ಬರುವವರೆಗೆ ಮೋಟಾರು ಮುಟ್ಟುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದ. ಆದರೆ ದೀಪ ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ. ಕಿತ್ತೂರಿನ ಝೆರಾಕ್ಸ್ ಅಂಗಡಿಯ ಸಿದ್ಧಾರೂಢ, “ಚಂದ ಕಾಣತೈತ್ರಿ, ಇರ್ಲಿ,” ಎಂದು ಡಬ್ಬಿಗೆ ಅಡ್ಡ ನಿಂತ.

“ಚಂದ ಬೇಕಾದರ ಒಂದು ಮೂಗುತಿ ಹಾಕ್ರಿ ಅದಕ್ಕ!” ಎಂದು ಯಮನಪ್ಪ ಕಿತ್ತೇ ಬಿಟ್ಟ. ಸವದತ್ತಿಯಲ್ಲಿ ಜಗಳವಾಡಿದ ಸದ್ದಿಗೆ ದೂರದ ಮುನವಳ್ಳಿಯ ನಾಯಿಗಳು ಬೊಗಳಿದವು.

ಮೂರನೆಯ ದಿನ ರಾಮದುರ್ಗ. ನಿವೃತ್ತ ಶಿಕ್ಷಕಿ ಮಥುರಾಬಾಯಿ ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ಕಲಿಸುತ್ತಿದ್ದರು. ಹದಿನಾಲ್ಕನೆಯ ದೀಪ ಅವರದು.

“ತಗೀಲಿಕ್ಕೆ ಬಿಡೂದಿಲ್ಲ,” ಎಂದರು. “ಒಂದು ವರ್ಷ ಆತು, ಒಂದು ದಿನಾನೂ ಆರಿಲ್ಲ. ಇಷ್ಟು ನಿಯತ್ತಿನ್ಯಾಂವ ನಮ್ಮ ಮನಿಯೊಳಗೂ ಯಾರಿಲ್ಲ.”

“ಅದು ನಿಯತ್ತಲ್ರಿ ಬಾಯಾರ, ಲಬಾಡಿ! ಫ್ಯಾನ್ ಸತ್ತರೂ ಉರೀತೈತಿ ಅದು!”

“ಅದಿಲ್ಲಂದ್ರ ಫ್ಯಾನ್ ತಿರಗೂದು ನನಗ ಹೆಂಗ ತಿಳೀಬೇಕು?”

“ಹಿಂದ ಅಂಗೈ ಹಿಡೀರಿ. ಗಾಳಿ ಬಡದರ ತಿರಗತೈತಿ, ಬಡೀಲಿಲ್ಲಂದ್ರ ಇಲ್ಲ. ಇಷ್ಟ!”

“ಇಷ್ಟಕ್ಕ ಅಷ್ಟು ವದರ್ತೀಯಲ್ಲ!” ಎನ್ನುತ್ತ ಮಥುರಾಬಾಯಿ, ಅವನ ಬಾಯಿ ಮುಚ್ಚಿಸಲೆಂದೇ ಡಬ್ಬಿಯ ಹಿಂದೆ ಕೈ ಚಾಚಿದರು. ಒಮ್ಮೆ ಅಂಗೈ ಹಿಡಿದರು. ತಿರುವಿ ಹಿಂಗೈ ಹಿಡಿದರು. ಮುಂದೆ ಕೆಂಪು ದೀಪ ಝಗಝಗ ಉರಿಯುತ್ತಿತ್ತು. ಅವರು ಡಬ್ಬಿಯ ಪಕ್ಕದ ಕುರ್ಚಿ ಸರಿಸಿ, ಯಮನಪ್ಪನಿಗೆ ದಾರಿ ಬಿಟ್ಟರು.

ತಗಡು ಬಿಚ್ಚಿದರೆ, ಫ್ಯಾನಿನ ನಡುವಿಗೆ ಅರಳೆ ಹುರಿಯಾಗಿ ಸುತ್ತಿ, ಕಲ್ಲಿನಂತೆ ಗಟ್ಟಿಯಾಗಿತ್ತು.

“ಎಷ್ಟು ದಿನಾ ಆತ್ರಿ ಇದು ನಿಂತು?” ಯಮನಪ್ಪ ಹಲ್ಲು ಕಚ್ಚಿ ಕೇಳಿದ.

“ನಿನ್ನ ದೀಪಾನ್ನ ಕೇಳು,” ಎಂದರು ಮಥುರಾಬಾಯಿ.