ಪೀನಾ ನಹೀ

ಹುದುಗೇಳುತ್ತಿದ್ದ ದ್ರಾಕ್ಷಿಯ ತೊಟ್ಟಿಯೊಳಗೆ ಬಗ್ಗಿ ನೋಡುತ್ತ ಮಾವ ಕೇಳಿದರು: “ಇದಕ್ಕೇನಂತಾರವ್ವಾ?”

ಬೀದರಿನ ನಮ್ಮ ಮಾವ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಶರಾಬಿನ ಅಂಗಡಿಯಿರುವ ಓಣಿಯನ್ನೂ ತುಳಿದವರಲ್ಲ. ಅವರ ಸೊಸೆಯಾದ ನಾನು ನಾಸಿಕದ ಹೊರಗೆ, ಬೆಟ್ಟದ ಮೇಲಿನ ದ್ರಾಕ್ಷಿ ತೋಟದಲ್ಲಿ ವೈನ್ ಮಾಡುವವಳು. ನಿನ್ನ ಕೆಲಸ ನೋಡಲೇಬೇಕೆಂದು ಅವರೇ ಹಟ ಹಿಡಿದು ಬಂದಿದ್ದರು.

“ಪೀನೋ ನ್ವಾರ್ ರೀ, ಮಾವಾರ,” ಅಂದೆ. ಫ್ರಾನ್ಸಿನ ತಳಿ, ಸಿಪ್ಪೆ ಬಲು ತೆಳು, ಬೆಟ್ಟದ ಈ ತಂಪಿಲ್ಲದಿದ್ದರೆ ನಮ್ಮ ಕಡೆ ಬಾಳುವುದಿಲ್ಲ ಎಂದೆಲ್ಲ ಗಾಬರಿಯಲ್ಲಿ ಒದರಿದೆ.

ಅವರು ಒಂದು ಗಳಿಗೆ ಯೋಚಿಸಿದರು. “ಪೀನಾ ನಹೀ? ಭೇಷ್ ಅದ. ಕುಡೀಬ್ಯಾಡ್ರಿ ಅಂತ ಹೆಸರಿನಾಗೇ ಹೇಳ್ಯಾರ.”

ತಿದ್ದಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ರಸ ಹತ್ತಿ ನೇರಳೆಯಾಗಿದ್ದ ನನ್ನ ಕೈ ನೋಡಿ, ಹೆಗಲ ಮೇಲಿನ ಬಿಳಿ ವಲ್ಲಿಯನ್ನು ನನ್ನೆಡೆಗೆ ಚಾಚಿದರು.

“ಬ್ಯಾಡ್ರಿ, ಕಲಿ ಆಗ್ತದ. ತೊಳದ್ರೂ ಹೋಗಂಗಿಲ್ಲ.”

“ಆಗಲಿ ತಗೋ,” ಅಂದರು.

ಸೊಸೆ ಏನು ಮಾಡುತ್ತಾಳೆಂದು ಬೀದರಿನಲ್ಲಿ ನೆಂಟರು ಕೇಳಿದರೆ, ಮಾವ ಇಂದಿಗೂ “ನಾಸಿಕದಾಗ ಪೀನಾ ನಹೀ ಮಾಡ್ತಾಳ” ಅನ್ನುತ್ತಾರೆ. ಯಾವುದೋ ಔಷಧಿಯಿರಬೇಕೆಂದು ಕೇಳಿದವರು ಸುಮ್ಮನಾಗುತ್ತಾರೆ. ಆದರೆ ಕೊಯ್ಲಿನ ಹೊತ್ತಿಗೆ ನನಗೆ ಫೋನ್ ಮಾಡಿದಾಗ ಮಾವ ಒಂದಕ್ಷರವೂ ತಪ್ಪದೆ ಕೇಳುತ್ತಾರೆ: “ಈ ಸಲ ನಮ್ಮ ಪೀನೋ ನ್ವಾರ್ ಹೆಂಗ ಬಂದದವ್ವಾ?”