ಎಡಗೈಯ ತೋರುಬೆರಳು

ಆ ವರ್ಷಗಳ ಬೆಳಗುಗಳೆಲ್ಲ ನನ್ನ ನೆನಪಿನಲ್ಲಿ ಒಂದೇ ಬೆಳಗಾಗಿ ಕರಗಿಹೋಗಿವೆ. ಚಾಮರಾಜನಗರದಿಂದ ಮೊದಲ ಬಸ್ಸು ಹಿಡಿದರೆ ತೆರಕಣಾಂಬಿ ದಾಟುವವರೆಗೂ ಕಿಟಕಿಯಾಚೆ ಮಂಜಲ್ಲದೆ ಬೇರೇನೂ ಇರುತ್ತಿರಲಿಲ್ಲ. ಗುಂಡ್ಲುಪೇಟೆ ಹತ್ತಿರವಾದಂತೆ ಆ ಮಂಜಿನೊಳಗಿಂದ ಚೆಂಡುಹೂವಿನ ಹೊಲಗಳು ಹಳದಿಯಾಗಿ ತೇಲಿ ಬರುತ್ತಿದ್ದವು. ಅರೆನಿದ್ದೆಯಲ್ಲೇ ಇಳಿದು, ಊಟಿಯ ಕಡೆಗೆ ಹೊರಟ ಲಾರಿಗಳ ನಡುವೆ ರಸ್ತೆ ದಾಟಿ, ಊರಂಚಿನ ಕಸಾಯಿಖಾನೆಯ ತಗಡಿನ ಬಾಗಿಲ ಮುಂದೆ ನಿಂತಾಗಲೂ ನಾನು ಪೂರ್ತಿ ಎಚ್ಚರಗೊಂಡಿದ್ದೇನೆಂಬ ಖಾತ್ರಿ ನನಗಿರುತ್ತಿರಲಿಲ್ಲ. ಒಳಗೆ ತೊಳೆದ ನೆಲದಿಂದಲೂ ಆಗತಾನೆ ಸುಲಿದ ಕುರಿಗಳ ಮೈಯಿಂದಲೂ ಆವಿ ಏಳುತ್ತಿತ್ತು. ಆ ಆವಿಯಲ್ಲಿ ಮನುಷ್ಯರು ಸೊಂಟದಿಂದ ಮೇಲಷ್ಟೇ ಕಾಣುತ್ತಿದ್ದರು. ಕೊರಡಿನ ಮೇಲೆ ಬೀಳುವ ಮಚ್ಚಿನ ಸದ್ದು ಬೇರೆ ಯಾವುದೋ ಊರಿನಿಂದ ಬರುತ್ತಿರುವಂತೆ ಕೇಳಿಸುತ್ತಿತ್ತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತನಾಡಿ ಗೆದ್ದಿದ್ದ ನಾನು, ಲೋಕದ ಬಹುಪಾಲು ದುಃಖ ಸರಿಯಾದ ವಾದದ ಕೊರತೆಯಿಂದ ಹುಟ್ಟಿದ್ದೆಂದು ನಂಬಿದ್ದೆ. ಪದವಿಯ ಬಳಿಕ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದು, ವಾರಕ್ಕೆರಡು ದಿನ ಆ ಕಟ್ಟಡದ ಪಕ್ಕದ ಸಣ್ಣ ಕೋಣೆಯಲ್ಲಿ ಔಷಧಿ ಪೆಟ್ಟಿಗೆಯೊಂದಿಗೆ ಕೂರುತ್ತಿದ್ದೆ. ಚೂರಿ ಜಾರಿದ ಗಾಯ, ಮಚ್ಚು ತಗುಲಿದ ಗಾಯ, ಮಾಂಸ ತೂಗುಹಾಕುವ ಕೊಕ್ಕೆ ಸಿಗಿದ ಗಾಯ, ಇವು ಅಲ್ಲಿ ದಿನನಿತ್ಯದವು. ಆದರೆ ಗಾಯ ತೋರಿಸುವ ರೂಢಿ ಅಲ್ಲಿನ ಕೆಲಸಗಾರರಲ್ಲಿರಲಿಲ್ಲ. ತನ್ನ ಚೂರಿಯಿಂದ ತಾನೇ ಕೊಯ್ದುಕೊಂಡವನಿಗೆ ಕಸುಬು ಬಾರದು ಎಂಬ ಮಾತಿತ್ತು. ಹಾಗಾಗಿ ಗಾಯವಾದವರು ಗೋಡೆಗೆ ಮುಖಮಾಡಿ ಅರಿಸಿನ ಒತ್ತಿ, ಬಟ್ಟೆ ಸುತ್ತಿ, ಏನೂ ಆಗದವರಂತೆ ಕೆಲಸಕ್ಕೆ ಮರಳುತ್ತಿದ್ದರು. ಆ ಅಡಗಿಸುವಿಕೆಯ ವಿರುದ್ಧ ನಾನು ಪ್ರತಿ ವಾರವೂ ಭಾಷಣ ಮಾಡುತ್ತಿದ್ದೆ.

"ಏನ್ ಮೇಷ್ಟ್ರೇ, ಇವತ್ತು ಭಾಷಣ ಇಲ್ವಾ? ಕುರಿಗೋಳೂ ಕೇಳಕೆ ಕಾಯ್ಕಂಡವೆ ಕಣ್ರೀ" ಎನ್ನುತ್ತಿದ್ದ, ತೆರಕಣಾಂಬಿಯಿಂದ ಮಾಂಸ ಹೊರುವ ಕೆಲಸಕ್ಕೆ ಬರುತ್ತಿದ್ದವನು. ನಾನು ಮೇಷ್ಟ್ರಾಗಿರಲಿಲ್ಲ, ಆ ಬಿರುದು ಅವನೇ ಕೊಟ್ಟದ್ದು.

ನಗದೆ ಕೇಳುತ್ತಿದ್ದವರು ಒಬ್ಬರೇ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಕುರಿಯ ತೊಗಲು ಸುಲಿಯುವುದು ಅವರ ಪಾಲಿನ ಕೆಲಸ. ಎಡಗೈ ತೊಗಲನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಬಲಗೈಯ ಚೂರಿ ಮುಟ್ಟಿಯೂ ಮುಟ್ಟದಂತೆ ಅದರ ಕೆಳಗೆ ಹರಿಯಬೇಕು. ಅವರು ಸುಲಿಯುವುದನ್ನು ನೋಡುತ್ತಿದ್ದರೆ, ಮಲಗಿದ ಮಗುವಿನ ಮೈಮೇಲಿಂದ ಯಾರೋ ಮೆಲ್ಲಗೆ ಕಂಬಳಿ ಸರಿಸುತ್ತಿರುವಂತೆ ತೋರುತ್ತಿತ್ತು.

ಒಂದು ದಿನ ಚಾಚಾ ತಾವಾಗಿಯೇ ನನ್ನ ಕೋಣೆಗೆ ಬಂದು, ಎಲ್ಲರೂ ನೋಡುತ್ತಿದ್ದಂತೆ ಎಡಗೈಯನ್ನು ಮೇಜಿನ ಮೇಲಿಟ್ಟರು. ತೋರುಬೆರಳಿನ ಬುಡದಲ್ಲಿ, ಅಂಗೈ ಕಡೆ, ಒಂದು ಸಣ್ಣ ಕೊಯ್ತ. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ. ಒತ್ತಿ ಹಿಡಿದು ರಕ್ತ ನಿಲ್ಲಿಸಿದೆ, ತೊಳೆದೆ, ಬೆರಳು ಅಲುಗದಂತೆ ತೆಳುವಾದ ಮರದ ಪಟ್ಟಿಗೆ ನೇರವಾಗಿ ಕಟ್ಟಿದೆ. ಕಟ್ಟುತ್ತಲೇ, ಗಾಯ ತೋರಿಸುವುದು ಹೇಗೆ ಧೈರ್ಯದ ಕೆಲಸವೆಂಬುದನ್ನು ಬಾಗಿಲಲ್ಲಿ ನಿಂತವರಿಗೆ ವಿವರಿಸಿದೆ. ಚಾಚಾ ಒಮ್ಮೆ ಬಾಯಿ ತೆರೆದರು. ನಾನು ವಾಕ್ಯದ ನಡುವಿನಲ್ಲಿದ್ದೆ. ಅವರು ಸುಮ್ಮನಾದರು. ಟಿಟಿ ಇಂಜೆಕ್ಷನ್ ಹಾಕಿಸಿ ಮನೆಗೆ ಕಳುಹಿಸಿದೆ.

ಆ ವಾರ ಚಾಮರಾಜನಗರದ ಸಭೆಯೊಂದರಲ್ಲಿ ಆ ಕೈಯ ಕಥೆಯನ್ನೇ ಹೇಳಿದೆ. ಬಹಳ ಹೊತ್ತು ಚಪ್ಪಾಳೆ ಬಿತ್ತು.

ಎಂಟನೆಯ ದಿನ ಪಟ್ಟಿ ಬಿಚ್ಚಿದೆ. ಗಾಯ ಕೂದಲೆಳೆಯಷ್ಟು ತೆಳುವಾಗಿ, ಶುಭ್ರವಾಗಿ ಕೂಡಿಕೊಂಡಿತ್ತು. "ಮುಷ್ಟಿ ಕಟ್ಟಿ ಚಾಚಾ" ಎಂದೆ. ಉಳಿದ ಬೆರಳುಗಳು ಮಡಿಸಿಕೊಂಡವು. ತೋರುಬೆರಳು ಮಾತ್ರ ನೆಟ್ಟಗೆ ನನ್ನತ್ತ ಚಾಚಿಕೊಂಡೇ ಇತ್ತು.

"ಬಿಗುವಿರಬಹುದು, ದಿನ ಕಳೆದಂತೆ..." ಎಂದು ಆರಂಭಿಸಿದೆ.

ಚಾಚಾ ಎದ್ದು ಹೋಗಿ, ಕತ್ತರಿಸಿದ ಕುರಿಯ ಕಾಲೊಂದನ್ನು ತಂದರು. ಕಡಿದ ತುದಿಯಲ್ಲಿ ಬೆಳ್ಳಗೆ ಹೊಳೆಯುವ ಒಂದು ಹುರಿ ಹೊರಗಿಣುಕುತ್ತಿತ್ತು. ಅದನ್ನು ಬಲಗೈ ಚಿಟಿಕೆಯಲ್ಲಿ ಹಿಡಿದು ಎಳೆದರು. ಸತ್ತ ಗೊರಸು, ನಿದ್ದೆಯಲ್ಲಿ ಯಾರೋ ಕರೆದಂತೆ, ನಿಧಾನವಾಗಿ ಮಡಿಸಿಕೊಂಡಿತು. ಬಿಟ್ಟರು, ನೆಟ್ಟಗಾಯಿತು.

"ನನ್ನ ಬೆರಳಲ್ಲಿ ಈ ಹುರಿ ತುಂಡಾಗಿದೆ ಮೇಷ್ಟ್ರೇ" ಎಂದರು, ನನಗೆ ನೋವಾಗದಿರಲೆಂಬಂಥ ದನಿಯಲ್ಲಿ.

"ಯಾವಾಗ ಗೊತ್ತಾಯಿತು?"

"ಕುಯ್ದಾಗಲೇ. ಇಷ್ಟು ವರ್ಷದಿಂದ ದಿನಾ ನೋಡ್ತೀನಲ್ಲ."

"ಮತ್ತೆ ಏಕೆ ಹೇಳಲಿಲ್ಲ?"

"ನೀವು ಅಷ್ಟು ಚೆನ್ನಾಗಿ ಮಾತಾಡ್ತಾ ಇದ್ರಿ. ಓದಿದೋರಿಗೆ ನಾನೇನು ಹೇಳೋದು?" ಗೊರಸಿನ ಹುರಿಯನ್ನು ಮತ್ತೊಮ್ಮೆ ಎಳೆದರು. "ಇನ್ನೊಂದು ಆಸೆನೂ ಇತ್ತು. ಕುರಿಗೆ ವಾಸಿಯಾಗೋಕೆ ನಾವು ಟೈಮ್ ಕೊಡಲ್ಲ. ಮನುಷ್ಯರಿಗೆ ತಾನಾಗೇ ಕೂಡಿಕೊಳ್ಳುತ್ತೇನೋ ಅಂದ್ಕೊಂಡೆ."

ಬಾಗಿಲಲ್ಲಿದ್ದ ತೆರಕಣಾಂಬಿಯವನು ಮೊದಲ ಬಾರಿಗೆ ತಮಾಷೆ ಬಿಟ್ಟು ಕೇಳಿದ: "ಬೆರಳು ಮಡಚದೆ ತೊಗ್ಲು ಇಡಿಯದೆಂಗೆ ಚಾಚಾ?" ಚಾಚಾ ಕುರಿಯ ಕಾಲನ್ನು ಮೇಜಿನ ಮೇಲಿಟ್ಟರು. ಅವರಿಗೆ ಬೇರೆ ಕಸುಬು ತಿಳಿದಿರಲಿಲ್ಲ, ಬೇಕೂ ಇರಲಿಲ್ಲ.

ಅದೇ ಬೆಳಗ್ಗೆ ಅವರನ್ನು ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ನಂಜನಗೂಡಿನ ಬಳಿ ಅವರು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದರು. ಅಂದು ನನಗೆ ಹೇಳಲು ಒಂದು ವಾಕ್ಯವೂ ಇರಲಿಲ್ಲ. ಆ ಖಾಲಿತನದಲ್ಲಿ ಅವರ ಉಸಿರು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೊದಲ ದಿನವೇ ಬೆರಳು ಮಡಿಸಲು ಹೇಳಿ ನೋಡಬೇಕಿತ್ತು, ಆದರೂ ಕಾಲ ಮೀರಿಲ್ಲ ಎಂದರು ವೈದ್ಯರು. ಶಸ್ತ್ರಚಿಕಿತ್ಸೆ ಮಾಡಿ ಹುರಿಯ ತುದಿಗಳನ್ನು ಹೊಲಿದರು. ಆರು ವಾರ ಕೈ ಪ್ಲಾಸ್ಟರಿನ ಬಾಗಿದ ಅಚ್ಚಿನಲ್ಲಿರಬೇಕು, ಆ ಬೆರಳು ತಾನಾಗಿ ಏನನ್ನೂ ಹಿಡಿಯಬಾರದು, ಇನ್ನೊಂದು ಕೈಯಿಂದ ಅದನ್ನು ಮೆಲ್ಲಗೆ ಮಡಿಸುತ್ತಿರಬೇಕು, ಜೋರು ಮಾಡಿದರೆ ಹೊಲಿಗೆ ಕಿತ್ತುಹೋಗುತ್ತದೆ, ಎಂದು ಹೇಳಿ ಕಳುಹಿಸಿದರು.

ಮುಂದಿನ ಸಭೆಯಲ್ಲಿ ನನ್ನ ತಪ್ಪನ್ನು ಹೇಳಿದೆ. ಚಪ್ಪಾಳೆ ಬೀಳಲಿಲ್ಲ. ಹೇಳುವುದನ್ನು ಹೇಳಿ ಕುಳಿತೆ.

ಆ ಆರು ವಾರಗಳಲ್ಲಿ ನಾನು ಚಾಚಾ ಮನೆಗೆ ಹೋಗುತ್ತಿದ್ದೆ. ಪರದೆಯ ಹಿಂದಿನಿಂದ ಅವರ ಹೆಂಡತಿ ಚಹಾ ಕಳುಹಿಸಿ ದೂರು ಹೇಳುತ್ತಿದ್ದರು: "ಮೇಷ್ಟ್ರೇ, ಇವರಿಗೆ ಸ್ವಲ್ಪ ಬುದ್ಧಿ ಹೇಳಿ. ಮಲ್ಕೊಂಡ್ರೂ ಕೈ ಕುರಿ ಸುಲೀತಾ ಇರುತ್ತೆ. ನಾನು ಆ ಕೈ ಹಿಡ್ಕೊಂಡೇ ಮಲಗಬೇಕು."

"ನಿದ್ದೇಲಾದ್ರೂ ಕೆಲಸ ಮಾಡೋಕೆ ಬಿಡು" ಎನ್ನುತ್ತಿದ್ದರು ಚಾಚಾ.

ನಾನು ಅವರ ಬೆರಳನ್ನು ಹಿಡಿದು, ಮಡಿಸಿ, ಬಿಡಿಸುತ್ತಿದ್ದೆ. ಬೆಚ್ಚಗಿನ, ಒರಟಾದ, ತನ್ನದೇನೂ ಇಚ್ಛೆಯಿಲ್ಲದ ಬೆರಳು. ಹೊರಗೆ ಬೀದಿಯಲ್ಲಿ ಸೈಕಲ್ಲುಗಳು ಹೋಗುತ್ತಿದ್ದವು. ಮಡಿಸಿದ್ದರ ಎಣಿಕೆ ಎಷ್ಟೋ ಸಲ ನನಗೆ ತಪ್ಪುತ್ತಿತ್ತು.

ಅಚ್ಚು ತೆಗೆದ ಮೇಲೆ ಚಾಚಾ ನನ್ನ ಕೋಣೆಗೆ ಬಂದು, ಅದೇ ಮೇಜಿನ ಮೇಲೆ ಕೈಯಿಟ್ಟರು. ನಾನು ಕೇಳಿದೆ, "ಹೇಗಿದೆ, ನೀವೇ ಹೇಳಿ." ಅವರು ಕಣ್ಣುಮುಚ್ಚಿದರು. ತೋರುಬೆರಳು ನಡುಗಿತು, ಮೊದಲ ಗೆಣ್ಣು ಬಾಗಿತು, ಆಮೇಲೆ ಎರಡನೆಯದು ಅರ್ಧಕ್ಕೆ ನಿಂತಿತು.

"ಹುರಿ ಇದೆ" ಎಂದರು ಕಣ್ಣು ತೆರೆಯದೆ. "ಎಳೆದರೆ ಬರ್ತಿದೆ. ಎಲ್ಲೋ ಒಂದ್ಕಡೆ ಅಂಟ್ಕೊಂಡಿದೆ, ಬಿಡುತ್ತೆ."

ಆ ಕೊಕ್ಕೆಯಂಥ ಬಾಗಿನೊಳಗೆ ನನ್ನ ಬೆರಳನ್ನು ಇಟ್ಟು ಹಗುರವಾಗಿ ಎಳೆದೆ. ಅವರು ಹಿಡಿದರು. ಒಂದು ಕ್ಷಣ ನಿಜವಾಗಿಯೂ ಹಿಡಿದರು. ಮತ್ತೆ ಜಾರಿತು.

"ಇನ್ನೊಂದು ಸಲ" ಎಂದರು ಚಾಚಾ.